ಸಿಪ್ಯಾಪ್ ಮೆಷಿನ್ ಬಳಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಪದೇ ಪದೇ ಉಸಿರು ಕಟ್ಟುವ ತೊಂದರೆ) ಇದೆಯೆಂದು ಪರೀಕ್ಷೆಯಲ್ಲಿ ಗೊತ್ತಾಗಿ, ದುಡ್ಡು ಹೊಂದಿಸಿ, ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಬಿಡುವ ಸಿಪ್ಯಾಪ್ ಮೆಷಿನ್ ತಂದು, ಎರಡು ವಾರ ಒದ್ದಾಡಿ, ಕೊನೆಗೆ ಬೀರುವಿನೊಳಗೆ ಇಟ್ಟುಬಿಟ್ಟವರು ಬಹಳ ಜನ. ‘ನನಗೆ ಒಗ್ಗಲಿಲ್ಲ’ ಎನ್ನುತ್ತಾರೆ. ವಿಚಾರಿಸುತ್ತಾ ಹೋದರೆ ಕಾರಣ ಸಾಮಾನ್ಯವಾಗಿ ಸಣ್ಣದೇ ಆಗಿರುತ್ತದೆ: ಅಳತೆಗೆ ಸರಿಹೊಂದದ ಮಾಸ್ಕ್, ಒಣಗಿದ ಗಂಟಲು, ತೀರಾ ಕಡಿಮೆ ಇಟ್ಟ ಆರಂಭದ ಒತ್ತಡ. ಇವೆಲ್ಲ ಸರಿಪಡಿಸಲು ಬರುವಂಥವು. ಮನಸ್ಸು ಗಟ್ಟಿಯಿಲ್ಲವೆಂದು ಯಾರೂ ತಮ್ಮನ್ನು ಬೈದುಕೊಳ್ಳಬೇಕಾಗಿಲ್ಲ.

ಇದು ಆಕ್ಸಿಜನ್ ಕೊಡುವ ಮೆಷಿನ್ನಾ?

ಅಲ್ಲ. ನಿಮ್ಮ ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಸೋಸಿ, ಒಂದು ಒತ್ತಡದಲ್ಲಿ ಮೂಗಿಗೆ ಬಿಡುತ್ತದೆ. ನಿದ್ದೆ ಬಂದಾಗ ನಾಲಿಗೆಯ ಬುಡ ಮತ್ತು ಕಿರುನಾಲಿಗೆಯ ಸುತ್ತಲಿನ ಮೆತ್ತನೆಯ ಭಾಗ ಸಡಿಲವಾಗಿ ಗಂಟಲಿನ ದಾರಿ ಮುಚ್ಚಿಕೊಳ್ಳುತ್ತದೆ. ಗಾಳಿಯ ಒತ್ತಡ ಆ ದಾರಿಯನ್ನು ಒಳಗಿನಿಂದ ತೆರೆದಿಡುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ ಮತ್ತು ಜೊತೆಗಾರರು 1981ರಲ್ಲಿ ಇದನ್ನು ಮೊದಲು ಪ್ರಕಟಿಸಿದರು. ತತ್ವ ಇಂದಿಗೂ ಅದೇ. ಮನೆ ಮೆಷಿನ್‌ಗಳ ಒತ್ತಡ ಸಾಮಾನ್ಯವಾಗಿ 4ರಿಂದ 20 ‘ಸೆಂಟಿಮೀಟರ್ ನೀರಿನ ಮಟ್ಟ’ದವರೆಗೆ (ಇದು ಒತ್ತಡ ಅಳೆಯುವ ಮಾನ) ಇರುತ್ತದೆ.

ಹಾಕಿಕೊಂಡ ಹೊತ್ತಿನಲ್ಲಿ ಮಾತ್ರ ಇದರ ಕೆಲಸ. ಕನ್ನಡಕದ ಹಾಗೆ, ತೆಗೆದ ಕ್ಷಣದಿಂದ ತೊಂದರೆ ವಾಪಸ್.

ರಿಪೋರ್ಟ್‌ನಲ್ಲಿ ಎಎಚ್‌ಐ 40 ಅಂತ ಇದೆ. ಅಂದರೆ ಏನು?

ಗಂಟೆಗೆ ಸರಾಸರಿ 40 ಸಲ ನಿಮ್ಮ ಉಸಿರು ಪೂರ್ತಿ ನಿಂತಿದೆ ಅಥವಾ ಬಹಳ ಕಡಿಮೆಯಾಗಿದೆ ಎಂದು ಅರ್ಥ. ಪ್ರತಿ ಸಲವೂ ಕನಿಷ್ಠ 10 ಸೆಕೆಂಡ್. ಏಳು ಗಂಟೆ ಮಲಗಿದರೆ 280 ಸಲ. 5ರಿಂದ 15ರೊಳಗೆ ಸೌಮ್ಯ, 15ರಿಂದ 30 ಮಧ್ಯಮ, 30ಕ್ಕೆ ಮೇಲೆ ತೀವ್ರ. ಮೆಷಿನ್ ಹಾಕಿದ ಮೇಲೆ ಈ ಸಂಖ್ಯೆ 5ಕ್ಕಿಂತ ಕೆಳಗೆ ಇಳಿಯಬೇಕು. ಇಂದಿನ ಬಹುತೇಕ ಮೆಷಿನ್‌ಗಳು ಬೆಳಿಗ್ಗೆ ಪರದೆಯ ಮೇಲೆ ಅದನ್ನು ತೋರಿಸುತ್ತವೆ. ದಿನಕ್ಕೊಂದು ಸಂಖ್ಯೆ ನೋಡಿ ಹೆದರಬೇಡಿ, ವಾರದ ಸರಾಸರಿ ನೋಡಿ.

ರಾತ್ರಿ ನಾಲ್ಕು ಗಂಟೆ ಹಾಕಿದರೆ ಸಾಕು ಅಂತಾರಲ್ಲ?

ಈ ‘ನಾಲ್ಕು ಗಂಟೆ’ ಬಹಳ ತಪ್ಪು ತಿಳಿವಳಿಕೆಗೆ ಕಾರಣವಾಗಿದೆ. ಅಮೆರಿಕದ ಮೆಡಿಕೇರ್ ವಿಮೆಯವರು ಮೆಷಿನ್ ಖರ್ಚು ಭರಿಸಲು ಇಟ್ಟ ಷರತ್ತು ಅದು: ಮೊದಲ ಮೂರು ತಿಂಗಳಲ್ಲಿ ಸತತ 30 ದಿನಗಳ ಒಂದು ಅವಧಿಯೊಳಗೆ ಶೇ. 70ರಷ್ಟು ರಾತ್ರಿ, ಅಂದರೆ 21 ರಾತ್ರಿ, ಕನಿಷ್ಠ 4 ಗಂಟೆ ಬಳಸಿರಬೇಕು. ಅದು ಲೆಕ್ಕಪತ್ರದ ಗೆರೆ, ಆರೋಗ್ಯದ ಗುರಿಯಲ್ಲ. ಗುರಿ ಎಂದರೆ ಮಲಗಿದಾಗಿನಿಂದ ಏಳುವವರೆಗೆ.

ಕಾರಣ ನಿದ್ದೆಯ ರಚನೆಯಲ್ಲೇ ಇದೆ. ಕನಸು ಬೀಳುವ ಆರ್‌ಇಎಂ ನಿದ್ದೆ ರಾತ್ರಿಯ ಕೊನೆಯ ಮೂರನೇ ಭಾಗದಲ್ಲಿ ಹೆಚ್ಚು. ಆ ಹೊತ್ತಿನಲ್ಲಿ ಗಂಟಲಿನ ಸ್ನಾಯುಗಳು ಇನ್ನಷ್ಟು ಸಡಿಲ. ಅನೇಕರಿಗೆ ಉಸಿರು ಅತಿ ಹೆಚ್ಚು ಕಟ್ಟುವುದು, ರಕ್ತದ ಆಕ್ಸಿಜನ್ ಅತಿ ಕೆಳಗೆ ಇಳಿಯುವುದು ಆಗಲೇ. ಹನ್ನೊಂದಕ್ಕೆ ಹಾಕಿ ಮೂರಕ್ಕೆ ಬಾತ್‌ರೂಮಿಗೆ ಎದ್ದಾಗ ತೆಗೆದಿಟ್ಟರೆ ಕೆಟ್ಟ ಹೊತ್ತೇ ಕಾವಲಿಲ್ಲದೆ ಉಳಿಯಿತು.

2007ರ ಒಂದು ಅಧ್ಯಯನದ ಪ್ರಕಾರ ಹಗಲಿನ ತೂಕಡಿಕೆಯ ಅನುಭವ ಕಡಿಮೆಯಾಗಲು ಸುಮಾರು 4 ಗಂಟೆ, ಪರೀಕ್ಷೆಯಲ್ಲಿ ಅಳೆಯುವ ತೂಕಡಿಕೆ ಸರಿಯಾಗಲು 6 ಗಂಟೆ, ದಿನದ ಕೆಲಸಕಾರ್ಯ ಪೂರ್ತಿ ಹಳಿಗೆ ಬರಲು 7.5 ಗಂಟೆ ಬಳಕೆ ಬೇಕಾಗಿತ್ತು. 2016ರಲ್ಲಿ ಪ್ರಕಟವಾದ ‘ಸೇವ್’ ಎಂಬ ದೊಡ್ಡ ಪ್ರಯೋಗದಲ್ಲಿ ಸಿಪ್ಯಾಪ್‌ನಿಂದ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ ಎಂದು ಬಂತು. ಇದನ್ನು ತೋರಿಸಿ ಮೆಷಿನ್ ವ್ಯರ್ಥ ಎನ್ನುವವರಿದ್ದಾರೆ. ಆದರೆ ಅದರಲ್ಲಿದ್ದವರು ರಾತ್ರಿಗೆ ಸರಾಸರಿ ಬಳಸಿದ್ದು 3.3 ಗಂಟೆ ಮಾತ್ರ. ಅದನ್ನು ಮರೆಯಬಾರದು.

ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಮಲಗುವ ಅಭ್ಯಾಸವಿದ್ದರೆ ಆಗಲೂ ಹಾಕಿಕೊಳ್ಳಿ.

ಮೊದಲ ವಾರ ಹೇಗೆ ಶುರು ಮಾಡಬೇಕು?

ಬಳಕೆ ನಿಲ್ಲುತ್ತದೋ ಮುಂದುವರಿಯುತ್ತದೋ ಎಂಬುದು ಬಹುಮಟ್ಟಿಗೆ ಮೊದಲ ವಾರದಲ್ಲೇ ತಿಳಿದುಬಿಡುತ್ತದೆ. ಮುಖದ ಮೇಲೆ ಏನಾದರೂ ಇದ್ದರೆ ಎದೆ ಬಡಿತ ಹೆಚ್ಚುವವರು ಮೊದಲ ಪರಿಚಯವನ್ನು ಹಗಲಿನಲ್ಲೇ ಮಾಡಿಕೊಳ್ಳಲಿ.

ಮೊದಲು ಬೆಲ್ಟ್ ಹಾಕದೆ, ಮೆಷಿನ್ ಆನ್ ಮಾಡದೆ, ಮಾಸ್ಕನ್ನು ಕೈಯಲ್ಲೇ ಹಿಡಿದು ಮೂಗಿಗೆ ಒತ್ತಿ ಐದು ನಿಮಿಷ ಉಸಿರಾಡಿ. ಬೇಡವೆನಿಸಿದ ಕ್ಷಣ ಕೈ ಇಳಿಸಬಹುದು ಎಂಬ ಧೈರ್ಯವೇ ಇಲ್ಲಿ ಮುಖ್ಯ. ಅದು ಸುಲಭವಾದ ಮೇಲೆ ಬೆಲ್ಟ್ ಬಿಗಿದು ಹತ್ತು ನಿಮಿಷ. ಆಮೇಲೆ ಪೈಪು ಸಿಕ್ಕಿಸಿ, ಮೆಷಿನ್ ಆನ್ ಮಾಡಿ, ಕುರ್ಚಿಯಲ್ಲಿ ಕೂತು ಟಿವಿ ನೋಡುತ್ತಾ ಅರ್ಧ ಗಂಟೆ. ನಂತರ ಮಧ್ಯಾಹ್ನದ ನಿದ್ದೆಗೆ, ಕೊನೆಗೆ ರಾತ್ರಿಗೆ. ಒಂದು ಹಂತ ಸಲೀಸಾಗುವ ತನಕ ಮುಂದಿನದಕ್ಕೆ ಹೋಗಬೇಡಿ. ಭಯ ಇಲ್ಲದವರು ಇದನ್ನೆಲ್ಲ ಬಿಟ್ಟು ನೇರವಾಗಿ ರಾತ್ರಿಯಿಂದಲೇ ಶುರು ಮಾಡಬಹುದು.

ರಾತ್ರಿ ನಿದ್ದೆ ಬರದೆ ಕಿರಿಕಿರಿಯಾದರೆ ತೆಗೆದು, ಎದ್ದು ಕೂತು, ನೀರು ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ಹಾಕಿ. ‘ಇವತ್ತು ಬೇಡ, ನಾಳೆ ನೋಡೋಣ’ ಎಂಬ ಮಾತು ಒಂದು ಸಲ ಬಂದರೆ ಮೂರು ಸಲ ಬರುತ್ತದೆ.

ಮಾಸ್ಕ್ ಹಾಕಿದ ಕೂಡಲೇ ಉಸಿರುಗಟ್ಟಿದ ಹಾಗಾಗುತ್ತದೆ. ಒತ್ತಡ ಜಾಸ್ತಿಯಾಯಿತಾ?

ಎಷ್ಟೋ ಸಲ ಉಲ್ಟಾ: ಒತ್ತಡ ಕಡಿಮೆಯಾಗಿರುತ್ತದೆ. ಮೆಷಿನ್‌ನಲ್ಲಿ ರ‍್ಯಾಂಪ್ ಎಂಬ ಸೌಲಭ್ಯವಿದೆ. ಕಡಿಮೆ ಒತ್ತಡದಿಂದ ಶುರುವಾಗಿ ನಿಧಾನ ಏರುತ್ತದೆ. ಅಂಗಡಿಯಿಂದ ಬರುವಾಗ ಆರಂಭದ ಒತ್ತಡ ಹೆಚ್ಚಾಗಿ 4ಕ್ಕೆ ಇರುತ್ತದೆ. ದೊಡ್ಡವರಲ್ಲಿ ಅನೇಕರಿಗೆ 4ರಲ್ಲಿ ಗಾಳಿ ಸಾಲುವುದಿಲ್ಲ, ಎಳೆದು ಎಳೆದು ಉಸಿರಾಡಬೇಕಾಗುತ್ತದೆ. ವೈದ್ಯರಿಗೋ ಟೆಕ್ನಿಷಿಯನ್‌ಗೋ ಹೇಳಿ 6 ಅಥವಾ 7ಕ್ಕೆ ಏರಿಸಿಕೊಂಡರೆ ಆ ಸಂಕಟ ಅಲ್ಲಿಗೇ ಮುಗಿಯಬಹುದು.

ಉಸಿರು ಬಿಡುವಾಗ ಎದುರಿನಿಂದ ತಳ್ಳಿದ ಹಾಗೆ ಅನಿಸಿದರೆ ಅದು ಬೇರೆ ತೊಂದರೆ. ಬಿಡುವಾಗ ಮಾತ್ರ ಒತ್ತಡವನ್ನು 1ರಿಂದ 3 ಸೆಂಟಿಮೀಟರ್ ಇಳಿಸುವ ಸೆಟ್ಟಿಂಗ್ ಇದೆ, ಕಂಪನಿಗೊಂದು ಹೆಸರು. ಅದು ಆನ್ ಆಗಿದೆಯೇ ಕೇಳಿ.

ಮಾಸ್ಕಿನ ಮುಂಭಾಗದಲ್ಲಿ ಸಣ್ಣ ರಂಧ್ರಗಳಿರುತ್ತವೆ. ನೀವು ಬಿಟ್ಟ ಉಸಿರು ಹೊರಹೋಗುವ ದಾರಿ ಅದು. ಸೋರುತ್ತಿದೆ ಎಂದು ಅವುಗಳಿಗೆ ಟೇಪ್ ಅಂಟಿಸಬೇಡಿ, ಚಳಿಗೆ ಮುಖದ ಮೇಲೆ ಕಂಬಳಿ ಎಳೆದುಕೊಳ್ಳಬೇಡಿ.

ಯಾವ ಮಾಸ್ಕ್ ಒಳ್ಳೆಯದು?

ನಿಮ್ಮ ಮುಖಕ್ಕೆ ಕೂರುವುದು. ಬೆಲೆಯಿಂದ ತೀರ್ಮಾನಿಸಬೇಡಿ. ಮುಖ್ಯವಾಗಿ ಮೂರು ಬಗೆ: ಮೂಗಿನ ಹೊಳ್ಳೆಗೆ ಸಿಕ್ಕಿಸುವ ಪಿಲ್ಲೋ ಮಾಸ್ಕ್, ಮೂಗನ್ನಷ್ಟೇ ಮುಚ್ಚುವ ನೇಸಲ್ ಮಾಸ್ಕ್, ಮೂಗು ಬಾಯಿ ಎರಡನ್ನೂ ಮುಚ್ಚುವ ಫುಲ್ ಫೇಸ್ ಮಾಸ್ಕ್. ಮೂಗಿನಿಂದ ಉಸಿರಾಡಬಲ್ಲವರು ಮೂಗಿನ ಮಾಸ್ಕಿನಿಂದಲೇ ಶುರು ಮಾಡುವುದು ಲೇಸು. ಫುಲ್ ಫೇಸ್‌ನಲ್ಲಿ ಮುಚ್ಚಬೇಕಾದ ಅಂಚು ಉದ್ದ, ಆದ್ದರಿಂದ ಸೋರಿಕೆಯ ಸಾಧ್ಯತೆಯೂ ಹೆಚ್ಚು. ಒತ್ತಡವೂ ಜಾಸ್ತಿ ಬೇಕಾಗಬಹುದು. ಮೂಗು ಸದಾ ಕಟ್ಟುವವರಿಗೆ, ಬಾಯಿ ತೆರೆದೇ ಮಲಗುವವರಿಗೆ ಮಾತ್ರ ಅದು ಅನಿವಾರ್ಯ.

ನಮ್ಮ ಕಡೆಯ ಕೆಲವು ಸಂಗತಿಗಳು ಕಂಪನಿಯ ಪುಸ್ತಿಕೆಯಲ್ಲಿ ಇರುವುದಿಲ್ಲ. ಮೂಗುತಿ ಇದ್ದರೆ ನೇಸಲ್ ಮಾಸ್ಕಿನ ಅಂಚು ಅದರ ಮೇಲೆ ಕೂತು ಗಾಳಿ ಸೋರುತ್ತದೆ, ಚರ್ಮವೂ ಹುಣ್ಣಾಗುತ್ತದೆ. ರಾತ್ರಿ ತೆಗೆಯಲು ಮನಸ್ಸಿಲ್ಲದಿದ್ದರೆ ಮೂಗಿನ ಕೆಳಗಷ್ಟೇ ಕೂರುವ ಬಗೆಯದನ್ನು ಹಾಕಿ ನೋಡಿ. ದಪ್ಪ ಮೀಸೆಯಿದ್ದವರಿಗೆ ಪಿಲ್ಲೋ ಮಾಸ್ಕ್ ಹೆಚ್ಚು ಹೊಂದುತ್ತದೆ. ಗಡ್ಡ ಬಿಟ್ಟವರಿಗೆ ಫುಲ್ ಫೇಸ್ ಕಷ್ಟ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿದರೆ ಬೆಲ್ಟ್ ಜಾರುತ್ತದೆ, ಬೇಗ ಹಾಳಾಗುತ್ತದೆ. ಎಣ್ಣೆ ಬೆಳಿಗ್ಗೆ ಹಚ್ಚಿಕೊಳ್ಳಿ. ಹಲ್ಲಿನ ಸೆಟ್ ತೆಗೆದು ಮಲಗುವವರು ಅಂಗಡಿಯಲ್ಲಿ ಅಳತೆ ನೋಡುವಾಗಲೂ ಸೆಟ್ ತೆಗೆದೇ ನೋಡಬೇಕು, ಏಕೆಂದರೆ ಕೆನ್ನೆಯ ಆಕಾರವೇ ಬದಲಾಗುತ್ತದೆ.

ಕೊಳ್ಳುವ ಮುಂಚೆ ಬದಲಾಯಿಸಿಕೊಡುತ್ತಾರೆಯೇ ಕೇಳಿ. ಮೆಷಿನ್ ಬಾಡಿಗೆಗೆ ಸಿಗುವ ಊರಲ್ಲಿದ್ದರೆ ಒಂದು ತಿಂಗಳು ಬಾಡಿಗೆಗೆ ತಂದು ನೋಡುವುದು ಜಾಣತನ. ಆದರೆ ಮಾಸ್ಕ್ ಮಾತ್ರ ಹೊಸದೇ ಇರಲಿ.

ಕಣ್ಣಿಗೆ ಗಾಳಿ ಹೊಡೆಯುತ್ತದೆ, ಬೆಲ್ಟ್ ಎಷ್ಟು ಬಿಗಿದರೂ ನಿಲ್ಲುವುದಿಲ್ಲ.

ಬಿಗಿಯುತ್ತಾ ಹೋಗಿದ್ದೇ ಕಾರಣವಿರಬಹುದು. ಮಾಸ್ಕಿನ ಸಿಲಿಕೋನ್ ಅಂಚು ಎರಡು ಪದರದ್ದು. ಗಾಳಿ ತುಂಬಿ ಉಬ್ಬಿದಾಗ ಮುಖಕ್ಕೆ ತಾನೇ ಅಂಟಿಕೊಳ್ಳುವಂತೆ ಮಾಡಿರುತ್ತಾರೆ. ಬೆಲ್ಟ್ ಅತಿಯಾಗಿ ಎಳೆದರೆ ಆ ಪದರ ಮಡಚಿಕೊಂಡು, ಮಡಿಕೆಯಿಂದ ಗಾಳಿ ನುಗ್ಗುತ್ತದೆ. ಬೆಳಿಗ್ಗೆ ಮೂಗಿನ ಏಣಿನ ಮೇಲೆ ಕೆಂಪು ಗೆರೆ ಗಂಟೆಗಟ್ಟಲೆ ಉಳಿದರೆ ಅದು ಅತಿ ಬಿಗಿತದ ಗುರುತು.

ಹೀಗೆ ಮಾಡಿ. ಸೋಪಿನಿಂದ ಮುಖ ತೊಳೆದು ಒರೆಸಿ; ಕ್ರೀಮ್ ಬೇಡ. ಮೆಷಿನ್ ಆನ್ ಮಾಡಿ, ನೀವು ದಿನಾ ಮಲಗುವ ಭಂಗಿಯಲ್ಲಿ, ನಿಮ್ಮದೇ ದಿಂಬಿನ ಮೇಲೆ ಮಲಗಿ. ಕೂತು ಸರಿ ಮಾಡಿದ ಬೆಲ್ಟ್ ಮಲಗಿದಾಗ ಸರಿ ಇರುವುದಿಲ್ಲ. ಈಗ ಬೆಲ್ಟ್‌ಗಳನ್ನೆಲ್ಲ ಸಡಿಲಿಸಿ, ಮಾಸ್ಕನ್ನು ಮುಖದಿಂದ ಒಂದು ಬೆರಳಿನಷ್ಟು ಮುಂದಕ್ಕೆ ಎಳೆದು, ಅಂಚು ಉಬ್ಬಲು ಬಿಟ್ಟು, ಮೆಲ್ಲಗೆ ವಾಪಸ್ ಕೂರಿಸಿ. ಎಡಬಲ ಎರಡೂ ಕಡೆ ಸಮವಾಗಿ, ಸೋರಿಕೆ ನಿಲ್ಲುವಷ್ಟೇ ಎಳೆಯಿರಿ. ಬೆಲ್ಟಿನ ಅಡಿಯಲ್ಲಿ ಬೆರಳು ತೂರುವಂತಿರಬೇಕು. ಪಕ್ಕಕ್ಕೆ ತಿರುಗಿ ಇನ್ನೊಮ್ಮೆ ನೋಡಿ.

ಇಷ್ಟಾದರೂ ಸೋರಿದರೆ ಸೈಜ್ ತಪ್ಪಿದೆ ಅಥವಾ ಸಿಲಿಕೋನ್ ಮೆತ್ತಗಾಗಿ ಹೋಗಿದೆ. ರೆಸ್‌ಮೆಡ್ ಮೆಷಿನ್‌ಗಳಲ್ಲಿ ಸೋರಿಕೆ ನಿಮಿಷಕ್ಕೆ 24 ಲೀಟರ್ ದಾಟಿದರೆ ಹೆಚ್ಚೆಂದು ಲೆಕ್ಕ. ಬೇರೆ ಕಂಪನಿಯವರು ಲೆಕ್ಕ ಹಾಕುವ ರೀತಿ ಬೇರೆ, ಸಂಖ್ಯೆಗಳನ್ನು ಹೋಲಿಸಬೇಡಿ.

ಬೆಳಿಗ್ಗೆ ಬಾಯಿ ಒಣಗಿ ಅಂಟಿಕೊಂಡಿರುತ್ತದೆ.

ಮೂಗಿನ ಮಾಸ್ಕ್ ಹಾಕಿ ಬಾಯಿ ತೆರೆದರೆ ಗಾಳಿ ಬಾಯಿಂದ ಹೊರಗೆ ಹರಿದು ಹೋಗುತ್ತದೆ. ಹ್ಯೂಮಿಡಿಫೈಯರ್ (ಗಾಳಿಗೆ ತೇವ ಸೇರಿಸುವ, ಮೆಷಿನ್‌ನ ಬಿಸಿ ನೀರಿನ ಡಬ್ಬಿ) ಮಟ್ಟವನ್ನು ಒಂದೊಂದೇ ಹೆಜ್ಜೆ ಏರಿಸಿ ನೋಡಿ. ಮೂಗು ಕಟ್ಟಿರುವುದರಿಂದ ಬಾಯಿ ತೆರೆಯುತ್ತಿದ್ದರೆ ಮೊದಲು ಮೂಗಿಗೆ ಮದ್ದು: ಮಲಗುವ ಮುಂಚೆ ಸಲೈನ್ ಸ್ಪ್ರೇ, ಅಲರ್ಜಿ ಇದ್ದರೆ ವೈದ್ಯರು ಕೊಡುವ ಸ್ಟೀರಾಯ್ಡ್ ಸ್ಪ್ರೇ. ಮೂಗು ಫಟ್ಟೆಂದು ತೆರೆಸುವ ಹನಿಗಳನ್ನು ಕೆಲವು ದಿನಗಳಿಗಿಂತ ಹೆಚ್ಚು ಹಾಕಿದರೆ ಮೂಗು ಇನ್ನಷ್ಟು ಕಟ್ಟುತ್ತದೆ. ಮೂಗಿನ ಮೂಳೆ ಸೊಟ್ಟಗಿದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಮೂಗು ಸರಿಯಿದ್ದೂ ಬಾಯಿ ತೆರೆಯುವುದಾದರೆ ಗದ್ದವನ್ನು ಮೇಲೆತ್ತಿ ಹಿಡಿಯುವ ಪಟ್ಟಿ, ಅದೂ ಆಗದಿದ್ದರೆ ಫುಲ್ ಫೇಸ್.

ಪೈಪಿನಲ್ಲಿ ನೀರು ಗುಳುಗುಳು ಅನ್ನುತ್ತದೆ.

ಬಿಸಿ ತೇವದ ಗಾಳಿ ತಣ್ಣನೆಯ ಪೈಪಿನಲ್ಲಿ ಹನಿಯಾಗಿದೆ. ಎಸಿ ಕೋಣೆಯಲ್ಲಿ, ಮಡಿಕೇರಿ ಚಿಕ್ಕಮಗಳೂರಿನ ಡಿಸೆಂಬರ್ ರಾತ್ರಿಗಳಲ್ಲಿ ಹೆಚ್ಚು. ಮೆಷಿನ್ ಅನ್ನು ಹಾಸಿಗೆಗಿಂತ ಕೆಳಗಿಡಿ, ಆಗ ನೀರು ಮುಖಕ್ಕೆ ಬರದೆ ಹಿಂದಕ್ಕೆ ಇಳಿಯುತ್ತದೆ. ಪೈಪಿಗೆ ಬಟ್ಟೆಯ ಕವಚ ಹಾಕಿ, ಫ್ಯಾನ್ ಗಾಳಿ ನೇರ ಬೀಳದಂತೆ ನೋಡಿ, ತೇವದ ಮಟ್ಟ ಒಂದು ಹೆಜ್ಜೆ ಇಳಿಸಿ. ಒಳಗೆ ತಂತಿಯಿರುವ ಬಿಸಿ ಪೈಪು ಬಂದರಂತೂ ಈ ರಗಳೆಯೇ ಇಲ್ಲ.

ಡಬ್ಬಿಗೆ ಯಾವ ನೀರು ಹಾಕಬೇಕು?

ಡಿಸ್ಟಿಲ್ಡ್ ವಾಟರ್; ಮೆಡಿಕಲ್ ಸ್ಟೋರಿನಲ್ಲಿ ಕೇಳಿ. ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರು ಉಸಿರಾಟಕ್ಕೆಂದು ತಯಾರಾದದ್ದಲ್ಲ, ಬೇಡ. ಬೋರ್‌ವೆಲ್ ನೀರು ಕಾಯಿಸಿ ಹಾಕಿದರೂ ಉಪ್ಪಿನಂಶ ಹೋಗುವುದಿಲ್ಲ, ಡಬ್ಬಿಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಒಂದೆರಡು ರಾತ್ರಿ ಡಿಸ್ಟಿಲ್ಡ್ ಸಿಗದಿದ್ದರೆ ಆರ್‌ಒ ನೀರು ಕಾಯಿಸಿ ಆರಿಸಿ ಹಾಕಬಹುದು. ನೀಲಗಿರಿ ಎಣ್ಣೆ, ವಿಕ್ಸ್, ತುಳಸಿ ಇತ್ಯಾದಿ ಏನನ್ನೂ ನೀರಿಗೆ ಸೇರಿಸಬಾರದು. ಉಳಿದ ನೀರನ್ನು ಬೆಳಿಗ್ಗೆ ಚೆಲ್ಲಿ, ರಾತ್ರಿ ಹೊಸ ನೀರು.

ತೊಳೆಯುವುದು ಹೇಗೆ?

ಮುಖಕ್ಕೆ ತಾಗುವ ಸಿಲಿಕೋನ್ ಭಾಗವನ್ನು ದಿನಾ, ಪೈಪು ಮತ್ತು ಬೆಲ್ಟನ್ನು ವಾರಕ್ಕೊಮ್ಮೆ, ಉಗುರುಬೆಚ್ಚಗಿನ ನೀರು ಮತ್ತು ಸೌಮ್ಯ ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಡೆಟಾಲ್, ಬ್ಲೀಚ್, ಸ್ಪಿರಿಟ್ ಬೇಡ, ಸಿಲಿಕೋನ್ ಬಿರುಕು ಬಿಡುತ್ತದೆ. ಡಬ್ಬಿಯಲ್ಲಿ ಪೊರೆ ಕಟ್ಟಿದ್ದರೆ ಒಂದು ಭಾಗ ಬಿಳಿ ವಿನೆಗರ್‌ಗೆ ಹತ್ತು ಭಾಗ ನೀರು ಬೆರೆಸಿ ನೆನೆಸಿಟ್ಟು ಚೆನ್ನಾಗಿ ಜಾಲಿಸಿ. ಓಝೋನ್‌ನಿಂದ ಶುಚಿ ಮಾಡುವ ಪೆಟ್ಟಿಗೆಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲೇ ಎಚ್ಚರಿಸಿದೆ, ಕೊಳ್ಳಬೇಡಿ.

ಬಿಳಿ ಕಾಗದದಂಥ ಫಿಲ್ಟರ್ ತೊಳೆಯುವಂಥದ್ದಲ್ಲ, ತಿಂಗಳಿಗೊಮ್ಮೆ ಬದಲಿಸಬೇಕು. ರಸ್ತೆ ಬದಿಯ ಮನೆಯಾದರೆ ಎರಡು ವಾರಕ್ಕೆ. ಸೊಳ್ಳೆ ಬತ್ತಿ, ಊದುಬತ್ತಿ, ಸಾಂಬ್ರಾಣಿ ಹೊಗೆಯನ್ನು ಮೆಷಿನ್ ಎಳೆದು ನೇರ ನಿಮ್ಮ ಮೂಗಿಗೇ ತಲುಪಿಸುತ್ತದೆ. ಮಲಗುವ ಕೋಣೆಯಲ್ಲಿ ಅವು ಬೇಡ. ಸೊಳ್ಳೆ ಪರದೆ ಕಟ್ಟಿ, ಪೈಪನ್ನು ಅಡಿಯಿಂದ ತನ್ನಿ.

ನನಗೇ ಗೊತ್ತಿಲ್ಲದೆ ನಿದ್ದೆಯಲ್ಲಿ ಕಿತ್ತು ಹಾಕಿರುತ್ತೇನೆ.

ಮೊದಲ ವಾರಗಳಲ್ಲಿ ಇದು ಮಾಮೂಲು. ಸೋರಿಕೆ, ಒಣಗಿದ ಮೂಗು, ಗಾಳಿ ಸಾಲದಿರುವುದು, ಈ ಮೂರರಲ್ಲಿ ಒಂದು ಸಾಮಾನ್ಯವಾಗಿ ಹಿಂದೆ ಇರುತ್ತದೆ. ಮಾಸ್ಕ್ ಕಳಚಿದರೆ ಕೂಗುವ ಅಲಾರಂ ಕೆಲವು ಮೆಷಿನ್‌ಗಳಲ್ಲಿದೆ, ಆನ್ ಮಾಡಿಸಿ. ಎಚ್ಚರವಾದಾಗ ಗಂಟೆ ಎಷ್ಟೇ ಆಗಿರಲಿ, ಮತ್ತೆ ಹಾಕಿಕೊಳ್ಳಿ.

ಹೊಟ್ಟೆ ಉಬ್ಬರ, ಬೆಳಿಗ್ಗೆ ತೇಗು.

ಗಾಳಿ ಅನ್ನನಾಳಕ್ಕೂ ಹೋಗುತ್ತಿದೆ. ತಲೆ ಭಾಗ ಎತ್ತರಿಸಿ, ಎಡಕ್ಕೆ ಹೊರಳಿ ಮಲಗಿ, ರಾತ್ರಿ ಊಟ ಎರಡು ಮೂರು ಗಂಟೆ ಮುಂಚೆ ಮುಗಿಸಿ. ಕಡಿಮೆಯಾಗದಿದ್ದರೆ ಗರಿಷ್ಠ ಒತ್ತಡ ತಗ್ಗಿಸಬಹುದೇ ಎಂದು ವೈದ್ಯರನ್ನು ಕೇಳಿ. ನೀವೇ ಇಳಿಸಬೇಡಿ.

ರಾತ್ರಿ ಕರೆಂಟ್ ಹೋದರೆ ಅಪಾಯವೇ?

ಇಲ್ಲ. ಫುಲ್ ಫೇಸ್ ಮಾಸ್ಕಿನಲ್ಲಿ ಹೊರಗಾಳಿ ಒಳಬರುವ ಕವಾಟವಿದೆ. ಮೂಗಿನ ಮಾಸ್ಕ್ ಆದರೆ ಬಾಯಿ ತೆರೆಯುತ್ತದೆ. ನಿದ್ದೆ ಮಾತ್ರ ಕೆಡುತ್ತದೆ. ಮನೆಯಲ್ಲಿ ಯುಪಿಎಸ್ ಇದ್ದರೆ ಮಲಗುವ ಕೋಣೆಯ ಪ್ಲಗ್‌ಗೆ ಅದರ ಲೈನ್ ಎಳೆಸಿ. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಆಗಿರಲಿ. ವಿದ್ಯುತ್ತಿನ ಬಹುಪಾಲು ತಿನ್ನುವುದು ನೀರು ಮತ್ತು ಪೈಪು ಬಿಸಿ ಮಾಡುವ ಹೀಟರ್. ಅದನ್ನು ಆಫ್ ಮಾಡಿದರೆ 150 ಎಎಚ್ ಬ್ಯಾಟರಿಗೆ ಒಂದು ರಾತ್ರಿ ಭಾರವೇ ಅಲ್ಲ. ಬೇಸಿಗೆಯ ಲೋಡ್‌ಶೆಡ್ಡಿಂಗ್ ದಿನಗಳಲ್ಲಿ ಹೀಗೆ ಸಾಗಿಸಬಹುದು.

ಪ್ರಯಾಣದಲ್ಲಿ?

ಡಬ್ಬಿಯ ನೀರು ಪೂರ್ತಿ ಚೆಲ್ಲಿ. ಮೆಷಿನ್ ಅಲುಗಿ ನೀರು ಮೋಟಾರಿಗೆ ಇಳಿದರೆ ಕೆಟ್ಟಿತು. ವಿಮಾನದಲ್ಲಿ ಕೈಚೀಲದಲ್ಲೇ ಒಯ್ಯಿರಿ, ವೈದ್ಯರ ಚೀಟಿ ಜೊತೆಗಿರಲಿ. ಬಿಡಿ ಲಿಥಿಯಂ ಬ್ಯಾಟರಿ 100 ವ್ಯಾಟ್-ಅವರ್ ಒಳಗಿದ್ದರೆ ಕ್ಯಾಬಿನ್‌ಗೆ ಒಯ್ಯಬಹುದು, 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಅನುಮತಿ ಬೇಕು. ಮದುವೆ ಮನೆಗೆ ಹೋಗುವಾಗ ಉದ್ದದ ಎಕ್ಸ್‌ಟೆನ್ಷನ್ ಬಾಕ್ಸ್ ಮರೆಯಬೇಡಿ.

ನಮ್ಮ ತಂದೆಯವರು ಹಾಕಿಕೊಳ್ಳಲು ಒಪ್ಪುತ್ತಿಲ್ಲ. ಮನೆಯವರು ಏನು ಮಾಡಬಹುದು?

ದಿನಾ ರಾತ್ರಿ ‘ಹಾಕಿಕೊಂಡ್ರಾ?’ ಎಂದು ತನಿಖೆ ಮಾಡಿದರೆ ಹಟ ಬೆಳೆಯುತ್ತದೆ. ಬದಲಿಗೆ ಕೆಲಸ ಹಂಚಿಕೊಳ್ಳಿ: ಬೆಳಿಗ್ಗೆ ಮಾಸ್ಕ್ ತೊಳೆದಿಡುವುದು, ರಾತ್ರಿ ನೀರು ತುಂಬಿಸುವುದು, ಬೆಲ್ಟ್ ಸರಿಪಡಿಸುವಾಗ ಸೋರುವ ಜಾಗವನ್ನು ಅಂಗೈ ಹಿಡಿದು ಪತ್ತೆ ಮಾಡುವುದು. ವಯಸ್ಸಾದವರ ಬೆರಳಿಗೆ ಸಣ್ಣ ಕ್ಲಿಪ್‌ಗಳು ಸಿಗುವುದಿಲ್ಲ. ಅಯಸ್ಕಾಂತದ ಕ್ಲಿಪ್ ಇರುವ ಮಾಸ್ಕ್ ಸುಲಭ. ಆದರೆ ತಂದೆಯವರಿಗೆ ಅಥವಾ ಪಕ್ಕದಲ್ಲಿ ಮಲಗುವ ತಾಯಿಯವರಿಗೆ ಪೇಸ್‌ಮೇಕರ್‌ನಂಥ ಸಾಧನ ಅಳವಡಿಸಿದ್ದರೆ ಅಯಸ್ಕಾಂತ ಬೇಡ. ಮಾಸ್ಕ್ ಇಲ್ಲದ ರಾತ್ರಿ ಅವರು ಉಸಿರು ಕಟ್ಟಿ ಬೆಚ್ಚಿಬೀಳುವುದನ್ನು, ಅವರ ಒಪ್ಪಿಗೆ ಪಡೆದು, ಒಂದು ನಿಮಿಷ ಫೋನಿನಲ್ಲಿ ವಿಡಿಯೊ ಮಾಡಿ ತೋರಿಸಿ. ‘ನನಗೇನೂ ಆಗಿಲ್ಲ’ ಎನ್ನುವವರು ಅದನ್ನು ನೋಡಿದ ಮೇಲೆ ಕಿವಿಗೊಡುವುದುಂಟು.

ತಿಂಗಳಾಯಿತು, ಹಗಲು ಸುಸ್ತು ಹೋಗಿಲ್ಲ.

ಕ್ರಮವಾಗಿ ನೋಡಿ: ದಿನಕ್ಕೆ ಎಷ್ಟು ಗಂಟೆ ಬಳಕೆ, ಸೋರಿಕೆ ಎಷ್ಟು, ಉಳಿದ ಎಎಚ್‌ಐ ಎಷ್ಟು. ಎಪ್‌ವರ್ತ್ ಎಂಬ ಎಂಟು ಪ್ರಶ್ನೆಗಳ ಪಟ್ಟಿಯಲ್ಲಿ 24ಕ್ಕೆ 10 ದಾಟಿದರೆ ತೂಕಡಿಕೆ ಹೆಚ್ಚೆಂದೇ ಅರ್ಥ. ಎಎಚ್‌ಐ 5ರೊಳಗಿದ್ದೂ ಸುಸ್ತಿದ್ದರೆ ಥೈರಾಯ್ಡ್, ರಕ್ತಹೀನತೆ, ಖಿನ್ನತೆ, ನಿದ್ದೆ ಮಾತ್ರೆ ಇವುಗಳತ್ತ ನೋಡಬೇಕು. ಎಎಚ್‌ಐ ಹೆಚ್ಚೇ ಇದ್ದು ಅದರಲ್ಲಿ ‘ಸೆಂಟ್ರಲ್’ ಎಂದು ಬರುತ್ತಿದ್ದರೆ ಮಿದುಳಿನಿಂದ ಉಸಿರಿನ ಸೂಚನೆಯೇ ತಪ್ಪುತ್ತಿದೆ ಎಂದರ್ಥ; ಎಷ್ಟೋ ಜನರಲ್ಲಿ ಕೆಲವು ವಾರ, ತಿಂಗಳಲ್ಲಿ ತಾನೇ ಹೋಗುತ್ತದೆ, ಆದರೂ ವೈದ್ಯರಿಗೆ ತಿಳಿಸಿ, ಹೃದಯದ ತೊಂದರೆ ಇರುವವರಂತೂ ತಪ್ಪದೆ. ತೂಕಡಿಕೆ ಇರುವ ತನಕ ಗಾಡಿ ಓಡಿಸಬೇಡಿ.

ತೂಕ ಇಳಿಸಿದರೆ ಮೆಷಿನ್ ಬಿಡಬಹುದೇ?

ಕೆಲವರು ಬಿಡಬಹುದು, ಆದರೆ ಮತ್ತೆ ನಿದ್ದೆ ಪರೀಕ್ಷೆ ಮಾಡಿಸಿದ ಮೇಲೆ ಮಾತ್ರ. ಅಮೆರಿಕದ ವಿಸ್ಕಾನ್ಸಿನ್ ಅಧ್ಯಯನದಲ್ಲಿ ತೂಕ ಶೇ. 10 ಇಳಿದವರ ಎಎಚ್‌ಐ ಸುಮಾರು ಶೇ. 26 ಇಳಿದಿತ್ತು, 40 ಇದ್ದದ್ದು ಹೆಚ್ಚುಕಡಿಮೆ 30ಕ್ಕೆ ಬಂದರೆ ಇನ್ನೂ ತೀವ್ರದ ಅಂಚಿನಲ್ಲೇ ಇದ್ದಹಾಗೆ. ಬೊಜ್ಜಿನ ಜೊತೆ ಮಧ್ಯಮ ಅಥವಾ ತೀವ್ರ ಆಪ್ನಿಯಾ ಇರುವವರಿಗೆ ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದಿಗೆ ಎಫ್‌ಡಿಎ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಅದನ್ನು ಶುರು ಮಾಡಿದವರೂ ಮೆಷಿನ್ ಮುಂದುವರಿಸಬೇಕು. ತೂಕ ಬಹಳ ಇಳಿದಾಗ ಹಳೆಯ ಒತ್ತಡ ಹೆಚ್ಚೆನಿಸಿ ಸೋರಿಕೆ, ಹೊಟ್ಟೆ ಉಬ್ಬರ ಶುರುವಾಗಬಹುದು. ಆಗ ಒತ್ತಡ ಮರುಹೊಂದಿಸಿಕೊಳ್ಳಿ.

ಆಪರೇಷನ್ ಇದೆ. ಮೆಷಿನ್ ಒಯ್ಯಬೇಕೇ?

ಒಯ್ಯಲೇಬೇಕು, ನಿಮ್ಮದೇ ಮಾಸ್ಕ್ ಸಮೇತ. ಕಣ್ಣಿನ ಪೊರೆಯಂಥ ಸಣ್ಣ ಶಸ್ತ್ರಚಿಕಿತ್ಸೆಯಾದರೂ ಅರಿವಳಿಕೆ ವೈದ್ಯರಿಗೆ ಆಪ್ನಿಯಾ ಇದೆಯೆಂದು ಮುಂಚೆಯೇ ಹೇಳಿ, ಒತ್ತಡದ ಸಂಖ್ಯೆ ಬರೆದ ಚೀಟಿ ಫೈಲಿನಲ್ಲಿಡಿ. ಅರಿವಳಿಕೆ ಮತ್ತು ಕೆಲವು ನೋವಿನ ಔಷಧಗಳು ಗಂಟಲನ್ನು ಇನ್ನಷ್ಟು ಸಡಿಲಿಸುತ್ತವೆ, ಹಾಗಾಗಿ ವಾರ್ಡಿಗೆ ತಂದ ಕೂಡಲೇ, ಹಗಲಿನ ಮಂಪರಿನಲ್ಲೂ, ಮಾಸ್ಕ್ ಹಾಕಬೇಕು. ಜೊತೆಗಿರುವವರಿಗೆ ಅದನ್ನು ಹಾಕುವುದು ಹೇಗೆಂದು ಮನೆಯಲ್ಲೇ ಒಮ್ಮೆ ತೋರಿಸಿಕೊಟ್ಟು ಹೋಗಿ.